ಫೋನಿನಾಚೆ ಇರುವ ಸ್ಪೆಷಲಿಸ್ಟ್ ಹತ್ತಿರ ಕೇಸ್ ಕೇಳುವುದು ಹೇಗೆ

ಎಂಬಿಬಿಎಸ್ ಮುಗಿಸಿ ಪಿಎಚ್‌ಸಿಗೋ ತಾಲೂಕು ಆಸ್ಪತ್ರೆಗೋ ಹೊಸದಾಗಿ ಬಂದಿರುವ ಡಾಕ್ಟರುಗಳಿಗೆ ಇದು. ರಾತ್ರಿ ಡ್ಯೂಟಿಯಲ್ಲಿ ನೀವೊಬ್ಬರೇ. ಜೊತೆಗೆ ಒಬ್ಬರು ಸ್ಟಾಫ್ ನರ್ಸ್, ಒಬ್ಬರು ಗ್ರೂಪ್ ಡಿ, ಕರೆದರೆ ಬರುವ 108. ಕಾರ್ಡಿಯಾಲಜಿಸ್ಟ್, ನ್ಯೂರಾಲಜಿಸ್ಟ್, ಚರ್ಮದ ಡಾಕ್ಟರು ಎಲ್ಲರೂ ಇರುವುದು ನಿಮ್ಮ ಮೊಬೈಲಿನೊಳಗೆ.

ಒಳ್ಳೆ ಸ್ಪೆಷಲಿಸ್ಟ್ ಸಿಕ್ಕಿ, ನೆಟ್‌ವರ್ಕ್ ಸರಿಯಾಗಿದ್ದರೆ ಒಳ್ಳೆ ಸಲಹೆ ಸಿಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಸುಳ್ಳೇನಲ್ಲ. ಆದರೆ ಸಲಹೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದು ಬಹುಪಾಲು ಕೇಳುವವರ ಕೈಯಲ್ಲಿದೆ. ಅದೇ ಸ್ಪೆಷಲಿಸ್ಟ್, ಅದೇ ಪೇಷಂಟ್, ಆದರೆ ಇಬ್ಬರು ಬೇರೆ ಬೇರೆ ಡ್ಯೂಟಿ ಡಾಕ್ಟರು ಕೇಳಿದರೆ ಎರಡು ಬೇರೆ ಉತ್ತರ ಬರುವುದನ್ನು ನಾನು ನೋಡಿದ್ದೇನೆ. ಒಬ್ಬರಿಗೆ "ಕಳಿಸ್ರಿ" ಅಂತ ಒಂದೇ ಮಾತು, ಇನ್ನೊಬ್ಬರಿಗೆ ಇಡೀ ಪ್ಲಾನ್.

ಇದೇನು ವಾಟ್ಸಾಪ್ ಬಂದ ಮೇಲೆ ಹುಟ್ಟಿದ್ದಲ್ಲ. 2000ರ ದಶಕದ ಶುರುವಿನಲ್ಲೇ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಅದಕ್ಕೊಂದು ರೂಮು, ಡಿಶ್ ಆಂಟೆನಾ, ಟೆಕ್ನಿಷಿಯನ್ ಎಲ್ಲ ಬೇಕಿತ್ತು. ಈಗ ಜೇಬಿನಲ್ಲಿರುವ ಫೋನು ಸಾಕು. ಸಲಕರಣೆ ಇಷ್ಟು ಸುಲಭವಾಗಿದ್ದಕ್ಕೇ ಈಗ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ ಅನ್ನಿಸುತ್ತದೆ. ಕೈಗೆ ಇಸಿಜಿ ಬಂದ ತಕ್ಷಣ ಫೋಟೋ ತೆಗೆದು, ಕೆಳಗೆ "ಸರ್ ಪ್ಲೀಸ್ ಒಪಿನಿಯನ್" ಅಂತ ಹಾಕಿ ಕಳಿಸಿಬಿಡುತ್ತಾರೆ.

ಪೇಷಂಟ್ ನಿಮ್ಮವರೇ

ಮೊದಲು ಇದು ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಪ್ರಾಕ್ಟೀಸ್ ಗೈಡ್‌ಲೈನ್ಸ್‌ನಲ್ಲಿ ಡಾಕ್ಟರು ಡಾಕ್ಟರಿಗೆ ಕೇಳುವ ವಿಷಯಕ್ಕೇ ಒಂದು ಭಾಗ ಇದೆ. ಕೋವಿಡ್ ಲಾಕ್‌ಡೌನ್ ಶುರುವಾದ ದಿನವೇ ಬಂದದ್ದರಿಂದ ಎಲ್ಲರ ಗಮನ ಪೇಷಂಟ್‌ಗೆ ವಿಡಿಯೋ ಕಾಲ್ ಮಾಡುವ ಕಡೆಗೇ ಹೋಯಿತು, ಈ ಭಾಗವನ್ನು ಓದಿದವರು ಕಮ್ಮಿ. ಅದರಲ್ಲಿರುವುದು ಸರಳ: ಬೇರೆ ಡಾಕ್ಟರ ಸಲಹೆ ಕೇಳಬಹುದು, ಕೇಳಬೇಕೋ ಬೇಡವೋ ಅನ್ನುವುದು ನಿಮ್ಮ ತೀರ್ಮಾನ, ಆದರೆ ಚಿಕಿತ್ಸೆ ಕೊಡುವ ಡಾಕ್ಟರು ನೀವೇ ಆಗಿರುತ್ತೀರಿ. ಪೇಷಂಟ್‌ಗೆ ಏನು ಕೊಟ್ಟಿರಿ, ಏನು ಹೇಳಿದಿರಿ ಅನ್ನುವುದರ ಜವಾಬ್ದಾರಿ ನಿಮ್ಮದೇ.

ಅಂದರೆ "ಅವರು ಹೇಳಿದ್ರು, ನಾನು ಮಾಡಿದೆ" ಅನ್ನುವ ಮಾತಿಗೆ ಬೆಲೆ ಇಲ್ಲ. ಕೇಳಿದರೆ ಹೆದರಿಕೆ ಆಗುತ್ತದೆ, ಅಲ್ವಾ? ಆದರೆ ಇದರಲ್ಲಿ ನಿಮಗೆ ಒಂದು ಅನುಕೂಲವೂ ಇದೆ. ಸಲಹೆ ಒಪ್ಪದೇ ಇರುವ ಹಕ್ಕು ನಿಮಗಿದೆ. ಹೊಟ್ಟೆ ಮುಟ್ಟಿ ನೋಡಿದವರು ನೀವು, ಅವರು ನೋಡಿದ್ದು ಒಂದು ಫೋಟೋ. "ಸರ್, ಹೊಟ್ಟೆ ಗಟ್ಟಿಯಾಗಿದೆ, ನನಗ್ಯಾಕೋ ಸರಿ ಕಾಣ್ತಿಲ್ಲ" ಅಂತ ಇನ್ನೊಂದು ಸಲ ಹೇಳಿ. ಹಾಗೆ ಹೇಳಿದರೆ ಬಹಳಷ್ಟು ಸ್ಪೆಷಲಿಸ್ಟ್‌ಗಳು ತಮ್ಮ ಮಾತನ್ನು ಮತ್ತೆ ಯೋಚಿಸುತ್ತಾರೆ. ಯೋಚಿಸದವರ ನಂಬರನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಿ.

ಪ್ರಶ್ನೆಯನ್ನು ಮೊದಲು ಹಾಕಿ

ಕೇಸ್ ಪ್ರೆಸೆಂಟೇಷನ್ ಅಂದರೆ ಕಾಲೇಜಿನಲ್ಲಿ ನಾವೆಲ್ಲ ಕಲಿತದ್ದು ಹೆಸರು, ವಯಸ್ಸು, ಊರು, ಕೆಲಸ, ಮುಖ್ಯ ತೊಂದರೆ, ಹಿಂದಿನ ಕಾಯಿಲೆ ಹೀಗೆ ಸಾಲಾಗಿ ಹೋಗಿ ಕೊನೆಗೆ ಡಯಾಗ್ನೋಸಿಸ್ ಹೇಳುವುದನ್ನು. ವಾರ್ಡ್ ರೌಂಡ್ಸ್‌ಗೆ ಅದು ಸರಿ. ಫೋನಿಗೆ ಅದು ಉಲ್ಟಾ ಆಗಬೇಕು. ಆ ಕಡೆ ಇರುವವರು ಓಪಿಡಿಯಲ್ಲಿರಬಹುದು, ಕ್ಯಾಥ್ ಲ್ಯಾಬ್‌ನಲ್ಲಿ ಆಂಜಿಯೋಪ್ಲಾಸ್ಟಿ ಮಾಡುತ್ತಾ ಲೆಡ್ ಏಪ್ರನ್ ಹಾಕಿಕೊಂಡು ನಿಂತಿರಬಹುದು, ನಿದ್ದೆಯಿಂದ ಎದ್ದಿರಬಹುದು. ನೀವು ಏನು ಕೇಳುತ್ತಿದ್ದೀರಿ ಅಂತ ಮೊದಲೇ ಗೊತ್ತಾದರೆ ಮಾತ್ರ ಮುಂದೆ ಹೇಳುವುದರಲ್ಲಿ ಯಾವುದಕ್ಕೆ ಕಿವಿ ಕೊಡಬೇಕು ಅಂತ ಅವರಿಗೆ ತಿಳಿಯುತ್ತದೆ.

ಇದಕ್ಕೆ ಎಸ್‌ಬಿಎಆರ್ ಅಂತ ಒಂದು ಪದ್ಧತಿ ಇದೆ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಹುಟ್ಟಿ ಆಮೇಲೆ ಅಲ್ಲಿನ ಆಸ್ಪತ್ರೆಗಳಿಗೆ ಬಂದದ್ದು. ಈಗೇನಾಗಿದೆ, ಹಿನ್ನೆಲೆ ಏನು, ನಿನಗೇನು ಅನ್ನಿಸುತ್ತದೆ, ನಿನಗೇನು ಬೇಕು, ಇಷ್ಟೇ ನಾಲ್ಕು. ನಾನು ಇದನ್ನು ಸ್ವಲ್ಪ ತಿರುಗಿಸಿ, ಕೊನೆಯದನ್ನು ಮೊದಲು ಹಾಕಿ ಅನ್ನುತ್ತೇನೆ. ಒಂದು ಮಾದರಿ:

"ತುರ್ತು ಸರ್. ಹಾರ್ಟ್ ಅಟ್ಯಾಕ್ ಅನ್ನಿಸ್ತಿದೆ, ಇಲ್ಲೇ ಥ್ರಾಂಬೊಲೈಸ್ ಮಾಡಿ ಕಳಿಸಲಾ ಅಂತ ಕೇಳಬೇಕಿತ್ತು. 58 ವರ್ಷ, ಗಂಡಸು, ತೂಕ 65 ಕೆಜಿ. ನೋವು ಶುರುವಾಗಿದ್ದು ಬೆಳಗಿನ ಜಾವ 4.30, ಇಲ್ಲಿಗೆ ಬಂದಿದ್ದು 6.10, ಇಸಿಜಿ 6.16. ಬಿಪಿ 130/80, ಪಲ್ಸ್ 92, ಸ್ಯಾಚುರೇಷನ್ 97, ಎದೆ ಕ್ಲಿಯರ್. ಶುಗರ್ ಇದೆ, ಮಾತ್ರೆ ಮೇಲಿದ್ದಾರೆ. ಸ್ಟ್ರೋಕ್, ತಲೆಗೆ ಪೆಟ್ಟು, ಇತ್ತೀಚೆಗೆ ಆಪರೇಷನ್, ಬ್ಲೀಡಿಂಗ್ ಯಾವುದೂ ಇಲ್ಲ. ವಿ1ರಿಂದ ವಿ4ರವರೆಗೆ ಎಸ್‌ಟಿ ಎಲಿವೇಷನ್ ನನಗೆ ಕಾಣ್ತಿದೆ. ಲೋಡಿಂಗ್ ಡೋಸ್ ಕೊಟ್ಟಾಗಿದೆ. ಟೆನೆಕ್ಟೆಪ್ಲೇಸ್ ಇದೆ. ಕ್ಯಾಥ್ ಲ್ಯಾಬ್‌ಗೆ ಎರಡೂವರೆ ಗಂಟೆ ದಾರಿ."

(ಥ್ರಾಂಬೊಲೈಸ್ ಅಂದರೆ ರಕ್ತದ ಹೆಪ್ಪನ್ನು ಇಂಜೆಕ್ಷನ್ನಿಂದ ಕರಗಿಸುವುದು, ಟೆನೆಕ್ಟೆಪ್ಲೇಸ್ ಆ ಇಂಜೆಕ್ಷನ್. ಲೋಡಿಂಗ್ ಡೋಸ್ ಅಂದರೆ ಶುರುವಿನ ದೊಡ್ಡ ಡೋಸ್. ಎಸ್‌ಟಿ ಎಲಿವೇಷನ್ ಅಂದರೆ ಇಸಿಜಿ ಗೆರೆಯ ಒಂದು ಭಾಗ ಮೇಲೆದ್ದಿರುವುದು.) ಆ ಮೆಸೇಜ್ ಓದಲು ಅರ್ಧ ನಿಮಿಷ ಸಾಕು. ಇದರಲ್ಲಿ ಸ್ಪೆಷಲಿಸ್ಟ್ ತಿರುಗಿ ಕೇಳಬೇಕಾದ್ದು ಹೆಚ್ಚೇನೂ ಉಳಿದಿಲ್ಲ. ಅದರಲ್ಲೂ ಮೂರು ವಿಷಯ ಗಮನಿಸಿ. ಎಲ್ಲದಕ್ಕೂ ಗಡಿಯಾರದ ಟೈಮ್ ಇದೆ, "ಸ್ವಲ್ಪ ಹೊತ್ತಿನಿಂದ" ಅಂತ ಇಲ್ಲ. ಇಲ್ಲ ಅನ್ನುವ ಉತ್ತರಗಳನ್ನೂ ಬರೆದಿದೆ, ಯಾಕೆಂದರೆ ಬ್ಲೀಡಿಂಗ್ ಇಲ್ಲ ಅನ್ನುವುದು ಇಲ್ಲಿ ಎಸ್‌ಟಿ ಎಲಿವೇಷನ್ ಇದೆ ಅನ್ನುವಷ್ಟೇ ಮುಖ್ಯ. ಮೂರನೆಯದು, ನಿಮಗೇನು ಅನ್ನಿಸುತ್ತಿದೆ ಅನ್ನುವುದನ್ನು ಹೇಳಿದ್ದೀರಿ. ತಪ್ಪಾದರೂ ಪರವಾಗಿಲ್ಲ, ಹೇಳಿ. "ಏನೋ ಚೇಂಜಸ್ ಇದೆ ಸರ್" ಅಂದರೆ ಅವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ನೀವೇ ಒಂದು ಅಭಿಪ್ರಾಯ ಕೊಟ್ಟರೆ ಅವರು ಅದನ್ನು ಒಪ್ಪುವುದೋ ತಿದ್ದುವುದೋ ಮಾಡುತ್ತಾರೆ, ಬೇಗ ಮುಗಿಯುತ್ತದೆ, ಮತ್ತೆ ನೀವು ಕಲಿಯುವುದೂ ಹಾಗೇ.

ಟೈಮ್ ಯಾಕೆ ಅಷ್ಟು ಮುಖ್ಯ ಅಂದರೆ ತೀರ್ಮಾನ ನಿಂತಿರುವುದೇ ಅದರ ಮೇಲೆ. ಇಸಿಜಿಯಲ್ಲಿ ಅಟ್ಯಾಕ್ ಅಂತ ಗೊತ್ತಾದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಕಳಿಸುವುದು ಲೇಸು, ಇಲ್ಲವಾದರೆ, ನೋವು ಶುರುವಾಗಿ 12 ಗಂಟೆ ಮೀರಿಲ್ಲದಿದ್ದರೆ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟು ಆಮೇಲೆ ಕಳಿಸುವುದು ಪದ್ಧತಿ. ಸ್ಟ್ರೋಕ್‌ಗೆ ಈ ಇಂಜೆಕ್ಷನ್ನಿನ ಅವಧಿ ನಾಲ್ಕೂವರೆ ಗಂಟೆ. ಅಲ್ಲಿ ಕೇಳಬೇಕಾದ್ದು "ಯಾವಾಗ ಹೀಗಾಯ್ತು" ಅಂತ ಅಲ್ಲ, "ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದ್ರಿ" ಅಂತ. ಬೆಳಗ್ಗೆ ಆರಕ್ಕೆ ಏಳುವಾಗ ಬಾಯಿ ಸೊಟ್ಟಗಾಗಿತ್ತು ಅಂದರೆ ಲೆಕ್ಕ ಶುರುವಾಗುವುದು ರಾತ್ರಿ ಮಲಗಿದ ಹೊತ್ತಿನಿಂದ. ಮತ್ತೆ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡುವ ಮೊದಲು ಗ್ಲುಕೋಮೀಟರಿನಲ್ಲಿ ಶುಗರ್ ನೋಡಿ. ಶುಗರ್ ಇಳಿದಾಗಲೂ ಒಂದು ಕಡೆ ಕೈಕಾಲು ಬೀಳುವುದುಂಟು.

ಇಸಿಜಿ ಫೋಟೋ ತೆಗೆಯುವುದೂ ಒಂದು ಕೆಲಸ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ರಾಜ್ಯದಲ್ಲಿ ದೂರದ ಸಲಹೆ ಅತಿ ಹೆಚ್ಚು ಜೀವ ಉಳಿಸಬಹುದಾದ ಜಾಗ ಇದೇ. ಮಂಗಳೂರಿನ ಕಾರ್ಡಿಯಾಲಜಿಸ್ಟ್ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿ ಕಡೆಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ವಾಟ್ಸಾಪ್ ಗ್ರೂಪುಗಳಲ್ಲಿ ಇಸಿಜಿ ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದು ನಿಮಗೆ ಗೊತ್ತಿರಬಹುದು. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದ್ದು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ಜಯದೇವದಂಥ ದೊಡ್ಡ ಕೇಂದ್ರದಿಂದ ಓದು, ಬೇಕಾದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಕೊಂಡರೆ ಅದು ಸಾವಿರಾರು ರೂಪಾಯಿಯ ಮಾತು. ಇಷ್ಟೆಲ್ಲ ವ್ಯವಸ್ಥೆ ಇದ್ದೂ ಆ ಕಡೆ ತಲುಪುವುದು ನೆರಳು ಬಿದ್ದ, ಅರ್ಧ ಮಡಚಿದ ಕಾಗದದ ಫೋಟೋ ಆದರೆ ಏನು ಪ್ರಯೋಜನ?

ಮೆಷಿನ್ನಿನಿಂದ ನೇತಾಡುತ್ತಿರುವ ಕಾಗದದ ಫೋಟೋ ತೆಗೆಯಬೇಡಿ. ಹರಿದು, ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ನಾಲ್ಕು ಮೂಲೆಗೆ ಏನಾದರೂ ಭಾರ ಇಡಿ. ಪೆನ್ನಿನಲ್ಲಿ ಅದರ ಮೇಲೆ ಇನಿಷಿಯಲ್, ವಯಸ್ಸು, ಓಪಿ ನಂಬರ್, ತಾರೀಕು, ಟೈಮ್, ಇಸಿಜಿ ತೆಗೆಯುವಾಗ ನೋವು ಇತ್ತೋ ಇಲ್ಲವೋ ಬರೆಯಿರಿ. ಫ್ಲ್ಯಾಶ್ ಆಫ್ ಮಾಡಿ, ಆ ಕಾಗದ ಹೊಳೆಯುತ್ತದೆ, ಫ್ಲ್ಯಾಶ್ ಬಿದ್ದ ಕಡೆ ಬಿಳಿ ಕಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದೆ ಇದ್ದರೆ ನಿಮ್ಮದೇ ನೆರಳು ಬೀಳುತ್ತದೆ, ಪಕ್ಕಕ್ಕೆ ಸರಿಯಿರಿ. ಫೋನನ್ನು ನೇರ ಮೇಲಿನಿಂದ ಹಿಡಿಯಿರಿ. ಓರೆಯಾಗಿ ಹಿಡಿದರೆ ಚೌಕಗಳೇ ಸೊಟ್ಟಗಾಗಿ ಒಂದು ಮಿಲಿಮೀಟರಿನ ಎಲಿವೇಷನ್ ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ.

ಹನ್ನೆರಡೂ ಲೀಡ್ ಕಾಣಬೇಕು. ಕೊನೆಯಲ್ಲಿರುವ ಕ್ಯಾಲಿಬ್ರೇಷನ್ ಡಬ್ಬಿಯೂ, ಅಂದರೆ ಅಳತೆ ತೋರಿಸುವ ಚೌಕವೂ ಬರಬೇಕು. 10 ಮಿಲಿಮೀಟರ್ ಎತ್ತರ, ಕಾಗದದ ವೇಗ ಸೆಕೆಂಡಿಗೆ 25 ಮಿಲಿಮೀಟರ್, ಇದು ಸ್ಟ್ಯಾಂಡರ್ಡ್. ಯಾರೋ ಹಿಂದಿನ ದಿನ ದೊಡ್ಡ ಕಾಂಪ್ಲೆಕ್ಸ್ ಬಂತು ಅಂತ ಅರ್ಧಕ್ಕೆ ಇಳಿಸಿ ಹಾಗೇ ಬಿಟ್ಟಿದ್ದರೆ ಇವತ್ತಿನ ಎಲಿವೇಷನ್ ಅರ್ಧದಷ್ಟೇ ಕಾಣುತ್ತದೆ. ಒಂದೇ ಚಾನೆಲ್ಲಿನ ಹಳೆ ಮೆಷಿನ್ ಇದ್ದರೆ ಪಟ್ಟಿಗಳನ್ನು ಕತ್ತರಿಸಿ ಲೀಡ್ ಹೆಸರು ಬರೆದು ಒಂದು ಎ4 ಹಾಳೆ ಮೇಲೆ ಸಾಲಾಗಿ ಅಂಟಿಸಿ ಆಮೇಲೆ ಫೋಟೋ ತೆಗೆಯಿರಿ, ಹನ್ನೆರಡು ಬೇರೆ ಬೇರೆ ಫೋಟೋ ಕಳಿಸಿದರೆ ಯಾವುದು ಯಾವುದು ಅಂತ ಅವರು ಹುಡುಕಬೇಕು. ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಅಥವಾ ಎಚ್‌ಡಿ ಒತ್ತಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ದೊಡ್ಡದು ಮಾಡಿ ನೋಡಿದಾಗ ಮಸುಕು.

ಕಳಿಸುವ ಮೊದಲು ನೀವೇ ಒಂದು ಸಲ ನೋಡಿ. ಲೀಡ್ 1ರಲ್ಲಿ ಎಲ್ಲ ತಲೆಕೆಳಗಾಗಿ, ಎವಿಆರ್‌ನಲ್ಲಿ ನೆಟ್ಟಗಿದ್ದರೆ ಹೆಚ್ಚಿನ ಸಲ ಎಡಗೈ ಬಲಗೈ ತಂತಿ ಅದಲುಬದಲಾಗಿರುತ್ತದೆ. ಲೀಡ್ 2, 3, ಎವಿಎಫ್‌ನಲ್ಲಿ ಎಲಿವೇಷನ್ ಇದ್ದರೆ ಬಲಗಡೆ ಎದೆಯ ವಿ4ಆರ್ ಕೂಡ ತೆಗೆದು ಒಟ್ಟಿಗೇ ಕಳಿಸಿ, ಯಾಕೆಂದರೆ ಅವರು ಕೇಳುವ ಮೊದಲ ಪ್ರಶ್ನೆ ಅದೇ. ಅದು ಗೊತ್ತಾಗುವವರೆಗೆ ನಾಲಿಗೆ ಕೆಳಗಿನ ಮಾತ್ರೆ ಕೊಡಬೇಡಿ, ಹೃದಯದ ಬಲಭಾಗಕ್ಕೆ ಹೊಡೆತ ಬಿದ್ದಿದ್ದರೆ ಬಿಪಿ ದಢಕ್ಕನೆ ಇಳಿಯುತ್ತದೆ. ಮೊದಲ ಇಸಿಜಿ ನಾರ್ಮಲ್ ಇದ್ದು ನೋವು ನಿಂತಿಲ್ಲ ಅಂದರೆ ಹತ್ತು ಹದಿನೈದು ನಿಮಿಷಕ್ಕೆ ಇನ್ನೊಂದು ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ಕಳಿಸಿ. ಥರ್ಮಲ್ ಕಾಗದ ಕೆಲವೇ ತಿಂಗಳಿಗೆ ಮಾಸುತ್ತದೆ, ಕೇಸ್ ಶೀಟಿಗೆ ಜೆರಾಕ್ಸ್ ಹಾಕಿ.

ಬೇರೆ ಫೋಟೋಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಕ್ಸ್‌ರೇ ಡಿಜಿಟಲ್ ಇದ್ದರೆ ಮಾನಿಟರಿನ ಫೋಟೋ ತೆಗೆಯದೆ ಫೈಲನ್ನೇ ಕಳಿಸಿ. ಮಾನಿಟರ್ ಫೋಟೋದಲ್ಲಿ ಗೆರೆಗೆರೆ ಬಂದು ಸಣ್ಣ ನ್ಯುಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರಿರುವುದು) ಮುಚ್ಚಿಹೋಗುತ್ತದೆ. ಚರ್ಮಕ್ಕೆ ಮೂರು ಬೇಕು: ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಅಂತ ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೀರಾ ಹತ್ತಿರದ್ದು ಒಂದು. ಹಗಲು ಬೆಳಕಿನಲ್ಲಿ ತೆಗೆಯಿರಿ, ಹಳದಿ ಬಲ್ಬಿನಡಿ ಬಣ್ಣ ಮೋಸ ಮಾಡುತ್ತದೆ. ಫಿಟ್ಸ್, ಉಸಿರಾಟ, ನಡಿಗೆ ಇವಕ್ಕೆ ಫೋಟೋ ದಂಡ, ಇಪ್ಪತ್ತು ಸೆಕೆಂಡಿನ ವಿಡಿಯೋ ಸಾಕು. ಮನೆಯವರು ತಮ್ಮ ಫೋನಿನಲ್ಲಿ ಫಿಟ್ಸ್ ಬಂದದ್ದನ್ನು ತೆಗೆದಿದ್ದಾರಾ ಕೇಳಿ, ಈಗ ಬಹಳ ಜನ ತೆಗೆದಿರುತ್ತಾರೆ. ಕಣ್ಣು ತೆರೆದಿತ್ತೋ ಮುಚ್ಚಿತ್ತೋ ಅನ್ನುವ ಒಂದೇ ವಿಷಯದಿಂದ ನ್ಯೂರಾಲಜಿಸ್ಟ್‌ಗೆ ಎಷ್ಟೋ ಗೊತ್ತಾಗುತ್ತದೆ.

ನಿಮ್ಮಲ್ಲಿ ಏನಿದೆ, ಏನಿಲ್ಲ

ಬೆಂಗಳೂರಿನಲ್ಲಿ ಕೂತವರಿಗೆ ನಿಮ್ಮ ಆಸ್ಪತ್ರೆ ಹೇಗಿದೆ ಅಂತ ಗೊತ್ತಿರುವುದಿಲ್ಲ. ಅದು ಅವರ ತಪ್ಪಲ್ಲ. "ಒಂದು ಸಿಟಿ ಸ್ಕ್ಯಾನ್ ಮಾಡಿಸಿ, ಎಬಿಜಿ (ರಕ್ತದಲ್ಲಿನ ಆಕ್ಸಿಜನ್ ಟೆಸ್ಟ್) ನೋಡಿ" ಅಂತ ಸಹಜವಾಗಿ ಹೇಳುತ್ತಾರೆ. ಹತ್ತಿರದ ಸಿಟಿ ಸ್ಕ್ಯಾನ್ ಎರಡು ಗಂಟೆ ದೂರ ಇದ್ದರೆ ಆ ಸಲಹೆಗೆ ಅರ್ಥ ಇಲ್ಲ. ನಿಂತಿರುವ ಜಾಗ ಹೇಳದೆ ದಾರಿ ಕೇಳಿದ ಹಾಗೆ ಆಗುತ್ತದೆ. ಹಾಗಾಗಿ ಯಾವ ಇಂಜೆಕ್ಷನ್ ಇದೆ, ಯಾವ ಲ್ಯಾಬ್ ಟೆಸ್ಟ್ ರಾತ್ರಿ ಆಗುತ್ತದೆ, ಆಕ್ಸಿಜನ್ ಎಷ್ಟಿದೆ, ಆಂಬ್ಯುಲೆನ್ಸ್ ಆಸ್ಪತ್ರೆಯಲ್ಲೇ ಇದೆಯಾ ಹೊರಗೆ ಹೋಗಿದೆಯಾ, ಇದನ್ನೆಲ್ಲ ನೀವೇ ಮುಂದಾಗಿ ಹೇಳಬೇಕು.

ದಾರಿಯನ್ನೂ ಹೇಳಿ. ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೋಗಬೇಕಾದರೆ ಆಗುಂಬೆ ಘಾಟಿ ಇಳಿಯಬೇಕು, ಶಿವಮೊಗ್ಗಕ್ಕೆ ಘಾಟಿ ಇಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಮುಚ್ಚಿದರೆ ಎಲ್ಲಿಗೆ ಕಳಿಸುವುದು ಅನ್ನುವ ತೀರ್ಮಾನವೇ ಬದಲಾಗುತ್ತದೆ. ಮ್ಯಾಪ್ ತೋರಿಸುವ ಕಿಲೋಮೀಟರ್ ಲೆಕ್ಕ ಕೊಡಬೇಡಿ, ಆಂಬ್ಯುಲೆನ್ಸ್ ಡ್ರೈವರನ್ನು ಕೇಳಿ ಗಂಟೆ ಲೆಕ್ಕ ಕೊಡಿ. ಅವರಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ.

ಊರಿನ ವಿಷಯದಲ್ಲಿ ನಿಮಗೇ ಅವರಿಗಿಂತ ಜಾಸ್ತಿ ಗೊತ್ತಿರುವ ಸಂದರ್ಭವೂ ಬರುತ್ತದೆ. ಹಾವು ಕಡಿತ ಇದಕ್ಕೆ ಒಳ್ಳೆ ಉದಾಹರಣೆ. 2024ರಿಂದ ಕರ್ನಾಟಕದಲ್ಲಿ ಇದು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕೇಸು. ಫಿಸಿಷಿಯನ್‌ಗೆ ಫೋನ್ ಮಾಡಿದರೆ ಅವರು ಮೊದಲು ಕೇಳುವುದು ಇಪ್ಪತ್ತು ನಿಮಿಷದ ಕ್ಲಾಟಿಂಗ್ ಟೆಸ್ಟ್ ಏನಾಯಿತು ಅಂತ. ಎರಡು ಎಂಎಲ್ ರಕ್ತ, ಒಣಗಿದ ಹೊಸ ಗಾಜಿನ ಟ್ಯೂಬು, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಆಮೇಲೆ ಬಗ್ಗಿಸಿ ನೋಡುವುದು, ಇಷ್ಟೇ. ಪ್ಲಾಸ್ಟಿಕ್ ಟ್ಯೂಬಿನಲ್ಲೋ, ಸೋಪು ಹಾಕಿ ತೊಳೆದ ಟ್ಯೂಬಿನಲ್ಲೋ ಮಾಡಿದ ಟೆಸ್ಟನ್ನು ನಂಬಬೇಡಿ. ಕಡಿದ ಟೈಮ್, ರೆಪ್ಪೆ ಜೋತಿದೆಯಾ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ, ಮೂತ್ರದ ಬಣ್ಣ, ಊತ ಎಲ್ಲಿಯವರೆಗೆ ಏರಿದೆ, ಇಷ್ಟು ಹೇಳಿ. ರೆಪ್ಪೆಯದ್ದು ವಿಡಿಯೋ ಕಳಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಂದು. ಆದರೆ ವಿಷ ಏರಿರುವುದು ಕಣ್ಣಿಗೆ ಕಾಣುತ್ತಿದ್ದರೆ ಯಾರ ಉತ್ತರಕ್ಕೂ ಕಾಯದೆ ಹಾವಿನ ವಿಷದ ಔಷಧ ಶುರು ಮಾಡಿ, ಅದರಿಂದ ಅಲರ್ಜಿ ಆದರೆ ಬೇಕಾಗುವ ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮಕ್ಕಳಿಗೂ ದೊಡ್ಡವರಷ್ಟೇ ಡೋಸ್, ಹಾವು ಮಕ್ಕಳಿಗೆ ಅಂತ ಕಮ್ಮಿ ವಿಷ ಬಿಡುವುದಿಲ್ಲ.

ಮಲೆನಾಡಿನಲ್ಲಿ, ಕಾಫಿ ತೋಟಗಳ ಕಡೆ ಇನ್ನೊಂದು ತೊಡಕು. ಮೂಗು ಮೇಲಕ್ಕೆ ತಿರುಗಿದ ಚಿಕ್ಕ ಮಂಡಲದ ಹಾವು, ಹಂಪ್-ನೋಸ್ಡ್ ಪಿಟ್ ವೈಪರ್, ಕಡಿದರೆ ನಮ್ಮ ದೇಶದಲ್ಲಿ ಸಿಗುವ ಔಷಧ ಅದಕ್ಕೆ ನಾಟುವುದಿಲ್ಲ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಬಯಲುಸೀಮೆಯ ಫಿಸಿಷಿಯನ್ ಈ ಹಾವಿನ ಕೇಸನ್ನೇ ನೋಡದೆ ಇರಬಹುದು. ಔಷಧ ಕೊಟ್ಟರೂ ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂದಾಗ "ಇನ್ನೂ ಹತ್ತು ವಯಲ್ ಹಾಕಿ" ಅಂತ ಹೇಳಬಹುದು. ಆಗ "ಸರ್, ಇಲ್ಲಿ ತೋಟದಲ್ಲಿ ಈ ಥರದ್ದೊಂದು ಹಾವು ಜಾಸ್ತಿ, ಅದಿರಬಹುದಾ?" ಅಂತ ನೆನಪಿಸುವವರು ನೀವೇ. ಮನೆಯವರ ಫೋನಿನಲ್ಲಿ ಹಾವಿನ ಫೋಟೋ ಇದ್ದರೆ ಅದನ್ನೂ ಕಳಿಸಿ. ಸತ್ತ ಹಾವನ್ನು ಚೀಲದಲ್ಲಿ ತಂದಿದ್ದರೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ.

ಯಾವುದಕ್ಕೆ ಯಾವ ದಾರಿ

ತುರ್ತಿಗೆ ಫೋನ್ ಕಾಲ್. ಫೋಟೋ ಕಳಿಸಿ, ಕೂಡಲೇ ಕಾಲ್ ಮಾಡಿ. ಗ್ರೂಪಿಗೆ ಹಾಕಿ ಕಾಯಬೇಡಿ. ನೂರು ಜನರಿರುವ ಗ್ರೂಪಿನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆ ಅಂದುಕೊಂಡಿರುತ್ತಾರೆ. ಗ್ರೂಪಿಗೇ ಹಾಕುವುದಾದರೆ ಆ ದಿನ ಡ್ಯೂಟಿ ಯಾರದ್ದೋ ಅವರನ್ನು ಟ್ಯಾಗ್ ಮಾಡಿ, ಐದು ನಿಮಿಷದಲ್ಲಿ ಉತ್ತರ ಬರದಿದ್ದರೆ ಕಾಲ್. ಇನ್ನೊಂದು ಅಪಾಯ, ಒಂದೇ ಹೊತ್ತಿಗೆ ಎರಡು ಊರಿನಿಂದ ಎರಡು ಇಸಿಜಿ ಬಂದಾಗ "ಥ್ರಾಂಬೊಲೈಸ್" ಅನ್ನುವ ಉತ್ತರ ಯಾರಿಗೆ? ಕಾಗದದ ಮೇಲೆ ಇನಿಷಿಯಲ್, ಓಪಿ ನಂಬರ್ ಬರೆಯಿರಿ ಅಂದದ್ದು ಇದಕ್ಕೇ. ನಿಮ್ಮ ಇಸಿಜಿಗೆ ರಿಪ್ಲೈ ಒತ್ತಿಯೇ ಉತ್ತರ ಬಂದಿದೆಯಾ ನೋಡಿ, ಇಲ್ಲದಿದ್ದರೆ ಕೇಳಿ.

ತುರ್ತಲ್ಲದ್ದಕ್ಕೆ, ಅಂದರೆ ಹತೋಟಿಗೆ ಬಾರದ ಶುಗರ್, ಥೈರಾಯ್ಡ್, ಮಾನಸಿಕ ಕಾಯಿಲೆಯ ಮಾತ್ರೆ ಬದಲಿಸುವುದು, ಹಳೆ ಚರ್ಮದ ತೊಂದರೆ, ಇಂಥವಕ್ಕೆ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಇ-ಸಂಜೀವಿನಿ ಇದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಕಟ್ಟಿದ್ದು, 2019ರ ನವೆಂಬರ್‌ನಲ್ಲಿ ಶುರುವಾದಾಗ ಅದು ಆರೋಗ್ಯ ಕೇಂದ್ರದಿಂದ ಡಾಕ್ಟರಿಗೆ, ಡಾಕ್ಟರಿಂದ ಸ್ಪೆಷಲಿಸ್ಟ್‌ಗೆ ಕೇಳುವ ವ್ಯವಸ್ಥೆಯಾಗಿಯೇ ಬಂತು. ಜನ ಮನೆಯಿಂದ ಕೇಳುವ ಓಪಿಡಿ 2020ರ ಏಪ್ರಿಲ್‌ನಲ್ಲಿ ಸೇರಿದ್ದು. ವಾಟ್ಸಾಪ್‌ನಷ್ಟು ಚುರುಕಲ್ಲ, ಫಾರಂ ತುಂಬಬೇಕು, ಕ್ಯೂ ಇರುತ್ತದೆ, ಅದನ್ನು ಬೈಯುವವರ ಜೊತೆ ನಾನೂ ಇದ್ದೇನೆ. ಆದರೂ ಅಲ್ಲಿ ಯಾರು ಏನು ಹೇಳಿದರು ಅನ್ನುವುದಕ್ಕೆ ದಾಖಲೆ ಉಳಿಯುತ್ತದೆ, ಪ್ರಿಸ್ಕ್ರಿಪ್ಷನ್ ಬರುತ್ತದೆ.

ಮೂರನೆಯದು ಕಲಿಯುವ ದಾರಿ. ನಿಮ್ಹಾನ್ಸ್ ನಡೆಸುವ ಎಕೋ ಸೆಷನ್‌ಗಳಿಗೆ ಸೇರಿ. ಹೃದಯದ ಎಕೋ ಅಲ್ಲ ಇದು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಹೆಪಟೈಟಿಸ್ ಸಿ ಪೇಷಂಟ್‌ಗಳಿಗಾಗಿ ಶುರು ಮಾಡಿದ ಪದ್ಧತಿ. ಪೇಷಂಟನ್ನು ಸ್ಪೆಷಲಿಸ್ಟ್ ಹತ್ತಿರ ಕಳಿಸುವ ಬದಲು ಹಳ್ಳಿ ಡಾಕ್ಟರುಗಳು ವಾರಕ್ಕೊಮ್ಮೆ ವಿಡಿಯೋದಲ್ಲಿ ಕೇಸ್ ಹೇಳುತ್ತಾರೆ, ಎಲ್ಲರೂ ಚರ್ಚೆ ಮಾಡುತ್ತಾರೆ. 2011ರಲ್ಲಿ ಅದರ ಲೆಕ್ಕ ಪ್ರಕಟವಾಯಿತು. ಯೂನಿವರ್ಸಿಟಿ ಕ್ಲಿನಿಕ್ಕಿನಲ್ಲಿ ಗುಣವಾದವರು ಶೇ 57.5, ಹಳ್ಳಿ ಮತ್ತು ಜೈಲುಗಳಲ್ಲಿ ಸಾಮಾನ್ಯ ಡಾಕ್ಟರುಗಳು ಈ ರೀತಿ ಕೇಳಿಕೊಂಡು ಚಿಕಿತ್ಸೆ ಕೊಟ್ಟವರಲ್ಲಿ ಶೇ 58.2. ಎಂಬಿಬಿಎಸ್ ಡಾಕ್ಟರಿಂದ ಏನಾಗುತ್ತದೆ ಅನ್ನುವವರಿಗೆ ಈ ಎರಡು ಅಂಕಿ ತೋರಿಸಿ.

"ಇಷ್ಟೂ ಗೊತ್ತಿಲ್ವಾ" ಅಂದರೆ

ದೂರದ ಸಲಹೆ ತಡವಾಗುವುದಕ್ಕೆ ನೆಟ್‌ವರ್ಕಿಗಿಂತ ದೊಡ್ಡ ಕಾರಣ ಬೈಸಿಕೊಳ್ಳುವ ಹೆದರಿಕೆ. ರಾತ್ರಿ ಎರಡಕ್ಕೆ ಪ್ರೊಫೆಸರಿಗೆ ಫೋನ್ ಮಾಡುವುದು ಹೇಗೆ ಅಂತ ಒಂದು ಗಂಟೆ ಕಾಯುತ್ತಾರೆ. ಇದಕ್ಕೆ ಔಷಧ ಹಗಲೇ ಹುಡುಕಬೇಕು. ಪೋಸ್ಟಿಂಗ್ ಆದ ವಾರವೇ ಜಿಲ್ಲಾ ಆಸ್ಪತ್ರೆಯ, ನಿಮ್ಮ ಕಾಲೇಜಿನ ನಾಲ್ಕೈದು ಜನರಿಗೆ ಫೋನ್ ಮಾಡಿ, ಸಾಧ್ಯವಾದರೆ ಹೋಗಿ ನೋಡಿ, "ಸರ್, ನಾನು ಇಂಥ ಪಿಎಚ್‌ಸಿಗೆ ಮೆಡಿಕಲ್ ಆಫೀಸರ್ ಆಗಿ ಬಂದಿದ್ದೇನೆ, ರಾತ್ರಿ ಏನಾದ್ರೂ ಇದ್ರೆ ನಿಮಗೆ ಫೋನ್ ಮಾಡ್ಬಹುದಾ, ಎಷ್ಟು ಹೊತ್ತಿನವರೆಗೆ?" ಅಂತ ಕೇಳಿ. ಮುಖ ನೋಡಿದವರಿಗೆ ಫೋನಿನಲ್ಲಿ ರೇಗುವುದು ಕಷ್ಟ. ಹಾಗೂ ಬೈದರೆ ಬೈಸಿಕೊಳ್ಳಿ, ಉತ್ತರ ಮಾತ್ರ ಬಿಡದೆ ಪಡೆಯಿರಿ.

ಸ್ಪೀಕರ್ ಹಾಕಬೇಡಿ. ಕೈ ಖಾಲಿ ಇಲ್ಲದೆ ಹಾಕಲೇಬೇಕಾದರೆ ಮೊದಲೇ "ಮೇಡಂ, ಸ್ಪೀಕರಲ್ಲಿದೀರಿ, ಅಟೆಂಡರ್ ಇಲ್ಲೇ ಇದ್ದಾರೆ" ಅನ್ನಿ. ಪೇಷಂಟ್ ಕಡೆಯವರಿಗೆ ಮುಚ್ಚಿಡುವುದೂ ಬೇಡ. "ದೊಡ್ಡ ಆಸ್ಪತ್ರೆ ಹಾರ್ಟ್ ಡಾಕ್ಟರಿಗೆ ಇಸಿಜಿ ತೋರಿಸ್ತಾ ಇದೀನಿ, ನಿಮ್ಮ ಒಪ್ಪಿಗೆ ಇದೆ ತಾನೆ?" ಅಂತ ನೇರ ಹೇಳಿ. ಡಾಕ್ಟರಿಗೆ ಗೊತ್ತಿಲ್ಲ ಅಂತ ಅಂದುಕೊಳ್ಳುತ್ತಾರೆ ಅನ್ನುವ ಭಯ ಸುಮ್ನೆ. ಹೆಚ್ಚಿನವರಿಗೆ ಅದರಿಂದ ಧೈರ್ಯವೇ ಬರುತ್ತದೆ.

ಫೋಟೋಗಳು ನಿಮ್ಮ ಗ್ಯಾಲರಿಗೆ ಹೋಗದಂತೆ ವಾಟ್ಸಾಪ್‌ನ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಮನೆಯಲ್ಲಿ ಮಕ್ಕಳು ಆಡುವ ಫೋನಿನಲ್ಲಿ ಪೇಷಂಟ್‌ನ ಮೈಯ ಫೋಟೋ ಇರಬಾರದು. ಮುಖ ಬೇಡದ ಕಡೆ ಮುಖ ತೆಗೆಯಬೇಡಿ.

ಫೋನ್ ಇಡುವ ಮೊದಲು

ಡೋಸ್ ತಿರುಗಿ ಹೇಳಿ. ಇಂಗ್ಲಿಷಿನಲ್ಲಿ ಫಿಫ್ಟೀನ್, ಫಿಫ್ಟಿ ಕೆಟ್ಟ ಲೈನಿನಲ್ಲಿ ಒಂದೇ ಥರ ಕೇಳುತ್ತದೆ, ಹದಿನೈದು, ಐವತ್ತು ಅಂದರೆ ಆ ಗೊಂದಲ ಇಲ್ಲ. ಮಿಲಿಗ್ರಾಮೋ ಎಂಎಲ್ಲೋ ಅಂತ ಬಾಯಿಬಿಟ್ಟು ಹೇಳಿ. ಮೇಲಿನ 65 ಕೆಜಿಯ ಪೇಷಂಟ್‌ಗೆ ಟೆನೆಕ್ಟೆಪ್ಲೇಸ್ 35 ಮಿಲಿಗ್ರಾಂ, ಕಲಸಿದ ಮೇಲೆ ಒಂದು ಎಂಎಲ್‌ಗೆ 5 ಮಿಲಿಗ್ರಾಂ ಇದ್ದರೆ 7 ಎಂಎಲ್. ವಯಲ್ ಮೇಲಿನ ಲೆಕ್ಕ ನೋಡಿ, ನರ್ಸ್ ಜೊತೆ ಇಬ್ಬರೂ ಸೇರಿ ಎಣಿಸಿ. ಡೆಕ್ಸ್‌ಟ್ರೋಸ್ ಹೋಗುತ್ತಿರುವ ಲೈನಿನಲ್ಲಿ ಅದನ್ನು ಕೊಡಬಾರದು, ಸಲೈನ್‌ನಲ್ಲಿ ತೊಳೆದುಕೊಳ್ಳಬೇಕು. ಇಂಥ ಸಣ್ಣ ವಿಷಯ ಸ್ಪೆಷಲಿಸ್ಟ್‌ಗೆ ಹೇಳಬೇಕು ಅಂತ ಹೊಳೆಯುವುದೇ ಇಲ್ಲ, ಯಾಕೆಂದರೆ ಅವರ ಕಡೆ ಅದನ್ನು ನರ್ಸ್ ನೋಡಿಕೊಳ್ಳುತ್ತಾರೆ. ಹಾಗಾಗಿ "ಕೊಡುವಾಗ ಏನು ನೋಡ್ಕೋಬೇಕು ಸರ್?" ಅಂತ ಕೇಳಿ. ಆಮೇಲೆ "ಕೊಟ್ಟ ಮೇಲೆ ಏನಾದರೆ ಮತ್ತೆ ಫೋನ್ ಮಾಡಲಿ?" ಅಂತಲೂ.

"ಕಳಿಸಿ" ಅಂದರೆ ಅಲ್ಲಿಗೇ ಬಿಡಬೇಡಿ. ಕಳಿಸುವ ಮೊದಲು ಏನು ಕೊಡಲಿ, ದಾರಿಯಲ್ಲಿ ಏನಾಗಬಹುದು, ಅಲ್ಲಿ ಬೆಡ್ ಇದೆಯಾ, ಯಾರು ತಗೋತಾರೆ, ಅವರ ನಂಬರ್ ಏನು. ಒಂದು ದೊಡ್ಡ ಆಸ್ಪತ್ರೆಯ ಗ್ರೂಪಿನಲ್ಲಿ ಯಾವ ಕೇಸ್ ಹಾಕಿದರೂ "ರೆಫರ್" ಅನ್ನುವ ಉತ್ತರ ಬರುತ್ತಿತ್ತು, ನಾವು ಕೆಲವರು ಅದನ್ನು ಬಿಟ್ಟು ಹೊರಗೆ ಬಂದೆವು. ಪೇಷಂಟ್ ಬಂದರೆ ಲಾಭ ಇರುವವರು ಕೊಡುವ ಸಲಹೆಯನ್ನು ಸ್ವಲ್ಪ ಸೋಸಿ ತೆಗೆದುಕೊಳ್ಳಬೇಕಾಗುತ್ತದೆ. ಅನುಮಾನ ಬಂದರೆ ಜಿಲ್ಲಾ ಆಸ್ಪತ್ರೆಯ ಇನ್ನೊಬ್ಬರನ್ನು ಕೇಳಿ.

ಬರೆದಿಡಿ. ಯಾರಿಗೆ, ಎಷ್ಟು ಹೊತ್ತಿಗೆ, ಏನು ಕಳಿಸಿದ್ದು, ಅವರು ಏನು ಹೇಳಿದರು, ನೀವು ಏನು ಮಾಡಿದಿರಿ. ಕೇಸ್ ಶೀಟಿನಲ್ಲಿ ಎರಡು ಸಾಲು ಸಾಕು. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಫೋನ್ ಕಳೆದುಹೋದರೆ ವಾಟ್ಸಾಪ್ ಚಾಟ್ ಹೋಯಿತು, ಕೇಸ್ ಶೀಟ್ ಅಲ್ಲೇ ಇರುತ್ತದೆ.

ಮಾರನೆ ದಿನ ಫಲಿತಾಂಶ ತಿಳಿಸಿ. "ಸರ್, ನಿನ್ನೆಯ ಎದೆನೋವಿನವರು, ಇಂಜೆಕ್ಷನ್ ಆದ ಒಂದೂವರೆ ಗಂಟೆಗೆ ಎಸ್‌ಟಿ ಅರ್ಧಕ್ಕಿಂತ ಕೆಳಗೆ ಬಂತು, ಆಂಜಿಯೋಗೆ ಕಳಿಸಿದ್ವಿ." ಇದನ್ನು ಮಾಡುವವರು ಬಹಳ ಕಮ್ಮಿ. ಸ್ಪೆಷಲಿಸ್ಟ್‌ಗೆ ತಾನು ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗುವುದು ಇದರಿಂದಲೇ, ಮುಂದಿನ ಸಲ ನಿಮ್ಮ ಹೆಸರು ನೋಡಿ ಫೋನ್ ಎತ್ತುವುದೂ ಇದರಿಂದಲೇ.

ಆ ಕಡೆ ಕೂತು ಇದನ್ನು ಓದುತ್ತಿರುವ ಸ್ಪೆಷಲಿಸ್ಟ್‌ಗಳಿದ್ದರೆ ನಿಮಗೂ ಎರಡು ಮಾತು. ಹೆಬ್ಬೆರಳಿನ ಎಮೋಜಿ ಉತ್ತರ ಅಲ್ಲ, ನೋಡಿದ್ದೀರೋ ಒಪ್ಪಿದ್ದೀರೋ ಗೊತ್ತಾಗುವುದಿಲ್ಲ. ಔಷಧ ಹೇಳುವ ಮೊದಲು "ನಿಮ್ಮಲ್ಲಿ ಏನಿದೆ?" ಅಂತ ಕೇಳಿ. ಫೋಟೋ ಸರಿ ಇಲ್ಲದಿದ್ದರೆ ಊಹಿಸಬೇಡಿ, ಇನ್ನೊಂದು ಕೇಳಿ. ನಿಮಗೆ ಆಗದ ಹೊತ್ತಾದರೆ "ನಾನು ಕೇಸ್‌ನಲ್ಲಿದೀನಿ, ಇವರಿಗೆ ಮಾಡಿ" ಅಂತ ಒಂದು ನಂಬರ್ ಕಳಿಸಿ.